ಪುತ್ರಹೀನಗೃಹವೂ ಕೊಡಗಿನ ಗ್ರಂಥಗಳೂ

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯು ಕೊಡವ ಭಾಷೆಯ ಹಾಡುಗಳನ್ನೂ ಆಚಾರಗಳನ್ನೂ ಕನ್ನಡ ಲಿಪಿಯಲ್ಲಿ ಸಂಗ್ರಹಿಸಿಕೊಟ್ಟ ಆಕರಗ್ರಂಥವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ಬಗೆಯ ಗ್ರಂಥಗಳನ್ನು ಓದುವಲ್ಲಿ ಈಚೆಗೆ ಎರಡು ಪಕ್ಷಗಳು ಕಂಡುಬರುತ್ತವೆ. ಗಂಡುಮಗುವಿನ ಜನನವನ್ನು ಕೊಂಡಾಡುವ ಭಾಗವನ್ನು ಎತ್ತಿ ತೋರಿಸಿ, ದೇಶದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಕುಗ್ಗಿದುದಕ್ಕೆ ಇಂತಹ ವಾಙ್ಮಯವೇ ಬೀಜವೆನ್ನುವವರದು ಒಂದು ಪಕ್ಷ. ಜನಗಣತಿಯ ಅಂಕೆಯನ್ನು ಎತ್ತಿ ತೋರಿಸಿ, ಕೊಡಗಿನಲ್ಲಿ ಹೆಣ್ಣಿಗೆ ಕೊರತೆಯಿಲ್ಲವಾದುದರಿಂದ ವಿಚಾರಕ್ಕೆ ಅವಕಾಶವೇ ಇಲ್ಲವೆನ್ನುವವರದು ಮತ್ತೊಂದು. ಎರಡೂ ಅವಿಚಾರಿತರಮಣೀಯ.

ಮೊದಲು ಅಂಕೆಯ ಮಾತು. 2011ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ ಭಾರತದಲ್ಲಿ 919, ಕರ್ನಾಟಕದಲ್ಲಿ 948, ಕೊಡಗಿನಲ್ಲಿ 978 ಹೆಣ್ಣುಮಕ್ಕಳು ಕಂಡುಬಂದರು. ಮನುಷ್ಯನ ಕೈವಾಡವಿಲ್ಲದೆಡೆ ಸಾವಿರ ಗಂಡಿಗೆ ಸುಮಾರು 950 ಹೆಣ್ಣು ಹುಟ್ಟುವುದು ಪ್ರಕೃತಿನಿಯಮವಾದುದರಿಂದ ಕೊಡಗಿನ ಅಂಕೆಯಲ್ಲಿ ದೋಷ ಕಾಣಿಸದು. ಆದರೆ ಇದು ಜಿಲ್ಲೆಯ ಅಂಕೆಯೇ ಹೊರತು ಆ ಹಾಡುಗಳನ್ನು ಹಾಡುವ ಜನದ ಅಂಕೆಯಲ್ಲ. ಕೊಡವರ ಜತೆಗೆ ಅರೆಭಾಷೆಯ ಗೌಡರೂ ಮಾಪಿಳ್ಳೆಗಳೂ ಯರವರೂ ಕುರುಬರೂ ಕಾಫಿತೋಟಗಳ ಕೂಲಿಗಾರರೂ ಆ 978ರಲ್ಲಿ ಸೇರಿದ್ದಾರೆ. ಇಷ್ಟನ್ನು ಗಮನಿಸದೆ ‘ಪಟ್ಟೋಲೆ ಪಳಮೆ’ಯಿಂದ ಅಂಕೆಗೂ ಅಂಕೆಯಿಂದ ಗ್ರಂಥಕ್ಕೂ ಜಿಗಿಯುವುದು ಕಾರ್ಯಕಾರಣಗಳ ವಿವೇಕವುಳ್ಳವರಿಗೆ ತಕ್ಕುದಲ್ಲ.

ಇನ್ನು ಗ್ರಂಥದ ವಿಚಾರ. ಗಂಡುಶಿಶು ಹುಟ್ಟಿದಾಗ ಹರಳುಗಿಡದ ಕಡ್ಡಿಯಿಂದ ಮಾಡಿದ ಬಿಲ್ಲುಬಾಣಗಳನ್ನು ಅದರ ಕೈಗೆ ಮುಟ್ಟಿಸಿ, ಕೋವಿಯ ಸದ್ದಿನಿಂದ ಜನನವನ್ನು ನೆರೆಹೊರೆಗೆ ಸಾರುವ ಪದ್ಧತಿ ಕೊಡವರಲ್ಲಿದೆ. ಬೇಟೆಯೂ ಯುದ್ಧವೂ ವೃತ್ತಿಯಾಗಿದ್ದ ಜನಕ್ಕೆ ಇದು ಸಹಜ. ವಿಮರ್ಶಕರು ಬಹುಮಟ್ಟಿಗೆ ಇಲ್ಲಿಯೇ ನಿಂತುಬಿಡುತ್ತಾರೆ; ಮದುವೆಯ ಪ್ರಕರಣಕ್ಕೆ ಬಂದರೆ ನೋಟವೇ ಬೇರೆ. ಸಂಬಂಧವನ್ನು ಕೊಡುವ ವಿಧಿಯಲ್ಲಿ ಎರಡು ಒಕ್ಕಗಳ ಅರುವರು ಎದುರೆದುರು ನಿಂತು ಪ್ರಶ್ನೋತ್ತರ ನಡೆಸುತ್ತಾರೆ. ಹೊನ್ನೆಂದು ಭಾವಿಸಲ್ಪಟ್ಟ ಹನ್ನೆರಡು ಹರಳುಗಳಲ್ಲಿ ಹನ್ನೊಂದನ್ನು ಮಾತ್ರ ವರನ ಕಡೆಗೆ ಕೊಟ್ಟು ಒಂದನ್ನು ವಧುವಿನ ಕಡೆಯವರು ಉಳಿಸಿಕೊಳ್ಳುತ್ತಾರೆ. ಕನ್ಯಾದಾನದಲ್ಲಿ ‘ನ ಮಮ’ ಎಂದು ಮಮತ್ವವನ್ನು ಕಡಿದುಕೊಳ್ಳುವ ಪದ್ಧತಿಯಲ್ಲಿ ಬೆಳೆದ ಪಂಡಿತರು ಈ ಒಂದು ಹರಳಿನ ಅರ್ಥವನ್ನು ಚಿಂತಿಸಬೇಕು. ಮಗಳು ಪೂರ್ಣವಾಗಿ ಅನ್ಯಳಾಗಲಿಲ್ಲ. ತವರಿನಲ್ಲಿ ಅವಳಿಗೆ ಹನ್ನೆರಡರಲ್ಲೊಂದು ಪಾಲಿನ ನೆಲೆ ಉಳಿಯಿತು.

ಇದಕ್ಕಿಂತಲೂ ಮುಖ್ಯವಾದುದು ಗಂಡುಸಂತಾನವಿಲ್ಲದ ಒಕ್ಕಕ್ಕೆ ಕೊಡಗಿನ ಆಚಾರ ತೋರಿದ ಮಾರ್ಗ. ‘ಒಕ್ಕಪರಿಜೆ’ಯಲ್ಲಿ ಅಳಿಯನು ತನ್ನ ಒಕ್ಕವನ್ನು ಬಿಟ್ಟು ಹೆಂಡತಿಯ ಒಕ್ಕವನ್ನು ಸೇರುವನು. ‘ಮಕ್ಕಪರಿಜೆ’ಯಲ್ಲಿ ಅವನ ಒಕ್ಕ ಅವನಿಗೇ ಉಳಿದು, ಹುಟ್ಟಿದ ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸಲ್ಲುವರು. ಒಕ್ಕದ ಹೆಸರೂ ಐನ್‌ಮನೆಯ ದೀಪವೂ ಮಗಳಿಂದ ಮುಂದುವರಿಯುತ್ತವೆ.

ಧರ್ಮಶಾಸ್ತ್ರವನ್ನು ಬಲ್ಲವರಿಗೆ ಒಡನೆಯೇ ಪುತ್ರಿಕಾವಿಧಿ ನೆನಪಾಗದಿರದು. ಪುತ್ರನಿಲ್ಲದವನು ಮಗಳನ್ನೇ ಪುತ್ರಸ್ಥಾನದಲ್ಲಿ ನಿಲ್ಲಿಸಬಹುದೆಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೇಳುತ್ತದೆ; ಮಗಳು ಮಗನಿಗೆ ಸಮಳೆಂದೂ ಅಲ್ಲಿಯೇ ಹೇಳಿದೆ. ಆದರೆ ಔರಸ ದತ್ತಕರ ಹೊರತು ಉಳಿದ ಪುತ್ರರನ್ನು ಪರಿಗ್ರಹಿಸಕೂಡದೆಂಬ ಕಲಿವರ್ಜ್ಯವಚನದಿಂದ ಆ ಬಾಗಿಲಿಗೆ ಬಹುಮಟ್ಟಿಗೆ ಅಗುಳಿ ಬಿದ್ದಿತು. ಶಾಸ್ತ್ರದಲ್ಲಿ ಮುಚ್ಚಿದ ಬಾಗಿಲು ಕೊಡಗಿನ ಆಚಾರದಲ್ಲಿ ತೆರೆದೇ ಇದ್ದಿತು. ಇತ್ತ ಪುಂಸವನವು ಮಾತ್ರ ಯಾವ ವರ್ಜ್ಯಕ್ಕೂ ಒಳಗಾಗದೆ ಸಂಸ್ಕಾರಗಳಲ್ಲಿ ಉಳಿದುಕೊಂಡಿತು. ಹೆಣ್ಣಿನ ಜನ್ಮ ಬೇರೆಡೆ ಆಗಲಿ, ಇಲ್ಲಿ ಗಂಡಾಗಲಿ ಎಂಬ ಪ್ರಾರ್ಥನೆ ಅಥರ್ವವೇದದ ಆರನೆಯ ಕಾಂಡದಲ್ಲಿದೆ. ಮಗಳನ್ನು ದುಃಖವೆಂದೂ ಮಗನನ್ನು ಜ್ಯೋತಿಯೆಂದೂ ಹೇಳಿದ ಐತರೇಯಬ್ರಾಹ್ಮಣವನ್ನು ಉದಾಹರಿಸುವವರು ಅನೇಕರು. ಪಂಡಿತೆಯಾದ ಮಗಳನ್ನು ಬಯಸುವವರಿಗೆ ಬೃಹದಾರಣ್ಯಕೋಪನಿಷತ್ತು ಬೇರೆ ವಿಧಿಯನ್ನೇ ಹೇಳಿದೆಯೆಂಬುದನ್ನು ನೆನೆಯುವವರು ವಿರಳ. ಅಲ್ಲಿಯೂ ಪಾಂಡಿತ್ಯವೆಂದರೆ ಗೃಹಕೃತ್ಯದಲ್ಲಿ ಮಾತ್ರವೆಂದು ಶಾಂಕರಭಾಷ್ಯ ಅರ್ಥವನ್ನು ಸಂಕೋಚಗೊಳಿಸಿದೆ. ಮೂಲವು ಕೊಟ್ಟುದನ್ನು ವ್ಯಾಖ್ಯಾನವು ಕಿತ್ತುಕೊಂಡುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗೆಂದು ಕೊಡಗಿನ ಆಚಾರವನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಪರಿಜೆಯ ಮದುವೆಯಲ್ಲಿ ಮಗಳಿಗೆ ಸ್ಥಾನ ದೊರೆಯುವುದು ಮಗನಿಲ್ಲದಾಗ. ಮಗನಿದ್ದರೆ ಅವಳು ಒಕ್ಕವನ್ನು ಬಿಟ್ಟು ಹೊರಡತಕ್ಕವಳೇ. ಅವಳು ಪ್ರತಿನಿಧಿ, ಸ್ವಯಂ ಅಧಿಕಾರಿಣಿಯಲ್ಲ.

ಕೊಡಗಿನ ಮತ್ತೊಂದು ಗ್ರಂಥದಲ್ಲಿ ಇದೇ ಪ್ರಶ್ನೆ ಸಿಂಹಾಸನದವರೆಗೂ ಏರಿದೆ. ದೊಡ್ಡವೀರರಾಜೇಂದ್ರನು 1808ರಲ್ಲಿ ಬರೆಯಿಸಿದ ‘ರಾಜೇಂದ್ರನಾಮೆ’ ಹಾಲೇರಿಯ ಅರಸರ ಚರಿತ್ರೆಯನ್ನು ಹೇಳುವ ಕನ್ನಡ ಗದ್ಯ. ಅದನ್ನು ಶೌರ್ಯಕಥನವೆಂದಷ್ಟೇ ಓದುವುದು ವಾಡಿಕೆ. ಬರೆಯಿಸಿದವನ ಸ್ಥಿತಿಯನ್ನು ನೋಡಿದರೆ ಅದರ ಸ್ವರ ಬೇರೆಯಾಗಿ ಕೇಳಿಸುತ್ತದೆ. ಪಟ್ಟದರಾಣಿಯಲ್ಲಿ ಅವನಿಗೆ ಇದ್ದವರೆಲ್ಲ ಹೆಣ್ಣುಮಕ್ಕಳು. ಹಿರಿಯ ಮಗಳು ದೇವಮ್ಮಾಜಿಯ ಹಕ್ಕನ್ನು ಸ್ಥಿರಪಡಿಸುವುದಕ್ಕೆ ಅವನು ಇಂಗ್ಲಿಷ್ ಕಂಪನಿಯ ಆಶ್ವಾಸನವನ್ನು ಬಯಸಿದ್ದನು. ಪುರುಷಪರಂಪರೆಯನ್ನು ಹೊಗಳುವ ವಂಶಾವಳಿಯು ಹೀಗೆ ಹೆಣ್ಣುಮಗಳೊಬ್ಬಳ ಹಕ್ಕಿಗೆ ಪೀಠಿಕೆಯಾಯಿತು. 1809ರಲ್ಲಿ ಅವನು ತೀರಿಕೊಂಡ ಬಳಿಕ ಬಾಲೆ ದೇವಮ್ಮಾಜಿಗೆ ಪಟ್ಟವಾಯಿತು. 1811ರಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರನು ರಾಜ್ಯವನ್ನು ಕೈವಶಮಾಡಿಕೊಂಡನು. ಬರಹವೂ ಇದ್ದಿತು, ಬಲಿಷ್ಠರ ಸ್ನೇಹವೂ ಇದ್ದಿತು. ಹಕ್ಕು ಮಾತ್ರ ಎರಡು ವರ್ಷ ಬಾಳಿತು.

ಈ ಮೂರು ನಿದರ್ಶನಗಳಲ್ಲಿಯೂ ಸಂಕಟದ ಸ್ಥಾನ ಒಂದೇ: ಹೆಣ್ಣುಮಕ್ಕಳೇ ಇರುವ ಮನೆ. ಇಂದಿನ ರಾಜ್ಯನೀತಿಯನ್ನು ಪರೀಕ್ಷಿಸಬೇಕಾದುದೂ ಇಲ್ಲಿಯೇ. 1994ರಲ್ಲಿ ಅಂಗೀಕೃತವಾದ ಪ್ರಸವಪೂರ್ವ ಲಿಂಗಪರೀಕ್ಷಾ ನಿಷೇಧದ ಕಾಯಿದೆ 1996ರಲ್ಲಿ ಜಾರಿಗೆ ಬಂದಿತು. ಅದು ನಿದ್ರಿಸುತ್ತಿದೆಯೆಂಬ ಮೊರೆಯ ಮೇಲೆ 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞೆಗಳನ್ನಿತ್ತಿತು. 2003ರಲ್ಲಿ ತಿದ್ದುಪಡಿ ಜಾರಿಯಾಯಿತು. ಅದೇ 1994ರಲ್ಲಿ ಕರ್ನಾಟಕವು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಜನ್ಮಸಿದ್ಧವಾದ ಹಕ್ಕನ್ನು ಕೊಟ್ಟಿತು. ಒಂದು ಶಾಸನ ಯಂತ್ರವನ್ನು ತಡೆಯಿತು. ಇನ್ನೊಂದು ಮನೆಯೊಳಗೆ ಮಗಳ ಸ್ಥಾನವನ್ನು ಮಾರ್ಪಡಿಸಿತು. ಪ್ರಚಾರವೆಲ್ಲ ಮೊದಲನೆಯದಕ್ಕೆ ದೊರಕಿದುದು ವಿಷಾದಕರ. ತಡೆಯೂ ಸಂಪೂರ್ಣವಾಗಲಿಲ್ಲ: ಮಂಡ್ಯದ ಸೀಮೆಯ ಆಲೆಮನೆಯೊಂದರಲ್ಲಿ ಯಂತ್ರವನ್ನಿರಿಸಿ ಭ್ರೂಣದ ಲಿಂಗವನ್ನು ಹೇಳುತ್ತಿದ್ದ ಸಂಗತಿ 2023ರಲ್ಲಿ ಬಯಲಾಯಿತು.

ಪ್ರಭಾತ್ ಝಾ ಮೊದಲಾದವರು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಉಪಯುಕ್ತ. ಮೊದಲ ಮಗು ಹೆಣ್ಣಾಗಿದ್ದ ಮನೆಗಳಲ್ಲಿ ಎರಡನೆಯ ಪ್ರಸವದ ಅನುಪಾತ 1990ರಲ್ಲಿ 906 ಇದ್ದುದು 2005ರಲ್ಲಿ 836ಕ್ಕೆ ಕುಸಿಯಿತು. ಮೊದಲ ಮಗು ಗಂಡಾಗಿದ್ದ ಮನೆಗಳಲ್ಲಿ ಅಂತಹ ಕುಸಿತವಿಲ್ಲ. ವಿದ್ಯೆಯೂ ಸಂಪತ್ತೂ ಇದ್ದ ಮನೆಗಳಲ್ಲಿಯೇ ಕುಸಿತ ಹೆಚ್ಚು. ಅಕ್ಷರ ಬಂದರೆ ಅನಿಷ್ಟ ತೊಲಗುವುದೆಂಬ ಉಪಾಧ್ಯಾಯವರ್ಗದ ನಂಬಿಕೆಗೆ ಇದು ಪ್ರತಿಕೂಲ. ಸಾಕ್ಷರತೆಯಲ್ಲಿ ಮುಂದಿರುವ ಕೊಡಗು ಆ ನಂಬಿಕೆಯಲ್ಲಿ ನಿಶ್ಚಿಂತವಾಗಿರುವಂತಿಲ್ಲ.

ಆದುದರಿಂದ 978 ಎಂಬ ಸರಾಸರಿಯಿಂದ ಸಮಾಧಾನಪಡುವುದು, ಕಾವ್ಯದ ಒಟ್ಟು ಶ್ಲೋಕಸಂಖ್ಯೆಯನ್ನೆಣಿಸಿ ರಸನಿರ್ಣಯ ಮಾಡಿದಂತೆ. ಕೆಲವೇ ಸಾವಿರ ಪ್ರಸವಗಳುಳ್ಳ ಸಣ್ಣ ಜಿಲ್ಲೆಯಲ್ಲಿ ಒಂದು ವರ್ಷದ ಏರಿಳಿತ ಯಾದೃಚ್ಛಿಕವೂ ಆಗಬಹುದು. ಅನೇಕ ವರ್ಷಗಳ ಪ್ರಸವಗಳನ್ನು ಕೂಡಿಸಿ, ಮನೆಯಲ್ಲಿ ಅದಾಗಲೇ ಇರುವ ಮಕ್ಕಳ ಕ್ರಮಾನುಸಾರ ವಿಂಗಡಿಸಿ ನೋಡಿದಲ್ಲದೆ ನಿಜಸ್ಥಿತಿ ಹೊರಬೀಳದು. ಅದಕ್ಕೆ ಬೇಕಾದ ಸಾಮಗ್ರಿ ಕೈಯಲ್ಲಿಯೇ ಇದೆ: ಗರ್ಭಿಣಿಯ ಪರೀಕ್ಷೆಗೆ ಮೊದಲು ತುಂಬಬೇಕಾದ ‘ಎಫ್’ ನಮೂನೆಯಲ್ಲಿ ಅವಳ ಮಕ್ಕಳ ಸಂಖ್ಯೆಯನ್ನೂ ಪ್ರತಿ ಮಗುವಿನ ಲಿಂಗವನ್ನೂ ಬರೆಯಲು ವಿಧಿಯಿದೆ.