ಸೃಷ್ಟಿಗಾನವನ್ನು ಓದುವ ಬಗೆ

ಸರ್ವಶಕ್ತನಾದ ಕರ್ತನೊಬ್ಬನಿರುವಲ್ಲಿ ಜೀವಿಗಳ ಸಂಕಲ್ಪಕ್ಕೆ ಏನು ಬೆಲೆಯಿದ್ದೀತು ಎಂಬ ಪ್ರಶ್ನೆಯನ್ನು ದಾರ್ಶನಿಕರು ತರ್ಕದಿಂದ ಶೋಧಿಸಿದರೆ, ಆಂಗ್ಲ ಸಾಹಿತಿ ಜೆ. ಆರ್. ಆರ್. ಟೋಲ್ಕೀನರು ಅದನ್ನು ಪುರಾಣವಾಗಿ ಕಟ್ಟಿದರು. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1977ರಲ್ಲಿ, ಮಗ ಕ್ರಿಸ್ಟೊಫರ್ ಸಂಪಾದಿಸಿ ಹೊರತಂದ ‘ದಿ ಸಿಲ್ಮರಿಲಿಯನ್’ ಗ್ರಂಥವನ್ನು ಹೊಸದಾಗಿ ಕೈಗೆತ್ತಿಕೊಂಡವರು ಅದರ ನಾಮಾರಣ್ಯವನ್ನು ಕಂಡು ಅಂಜುವುದುಂಟು. ಅಂಥವರು ಯುದ್ಧಗಳನ್ನೂ ವಂಶಾವಳಿಗಳನ್ನೂ ಸದ್ಯಕ್ಕೆ ಬದಿಗಿರಿಸಿ, ಆರಂಭದ ಸೃಷ್ಟಿಗಾನವನ್ನೂ ಔಲೆ ಎಂಬ ಶಿಲ್ಪಿದೇವತೆಯ ಪ್ರಸಂಗವನ್ನೂ ಸಾವಧಾನವಾಗಿ ಓದತಕ್ಕದ್ದು.

ಈ ಪುರಾಣದ ಸೃಷ್ಟಿಕರ್ತನಾದ ಇಲೂವತಾರನು ತನ್ನ ಚಿಂತನೆಯಿಂದ ಉದಿಸಿದ ದೇವತೆಗಳಿಗೆ ಒಂದು ಮಹಾವಸ್ತುವನ್ನು ನಿರೂಪಿಸಿ, ಅವರವರ ಭಾವಕ್ಕೆ ತೋರಿದಂತೆ ಅದನ್ನು ಅಲಂಕರಿಸಿ ಹಾಡಿರೆಂದು ಅಪ್ಪಣೆ ಕೊಡುತ್ತಾನೆ. ಕಚೇರಿಗಳಲ್ಲಿ ಮನೋಧರ್ಮಸಂಗೀತವನ್ನು ಕೇಳಿ ಪಳಗಿದ ಕಿವಿಗೆ ಇಲ್ಲಿಯ ಮರ್ಮ ಬೇಗನೆ ಹತ್ತುತ್ತದೆ: ರಾಗ ಕೊಟ್ಟದ್ದು, ವಿಸ್ತಾರ ಹಾಡುವವನದು. ಆ ದೇವತೆಗಳಲ್ಲಿ ಅತ್ಯಂತ ಪ್ರತಿಭಾನ್ವಿತನಾದ ಮೆಲ್ಕೋರನು ತನ್ನ ಪಾಲಿನ ಮಹಿಮೆಯನ್ನು ಹೆಚ್ಚಿಸಿಕೊಳ್ಳುವ ಹಂಬಲದಿಂದ ಅಪಸ್ವರವನ್ನೆಬ್ಬಿಸಿದಾಗ ಇಲೂವತಾರನು ಅವನ ಬಾಯಿ ಕಟ್ಟುವುದಿಲ್ಲ. ಎರಡನೆಯ ವಸ್ತುವನ್ನೆತ್ತುತ್ತಾನೆ, ಕೋಲಾಹಲವು ಅದನ್ನೂ ಮೀರಲು ಮೂರನೆಯದನ್ನು, ಶೋಕದಿಂದಲೇ ಸೌಂದರ್ಯವನ್ನು ಪಡೆದ ಗಂಭೀರಗಾನವನ್ನು, ಎತ್ತುತ್ತಾನೆ. ಯಾವ ಅಪಸ್ವರವಾದರೂ ಕಡೆಗೆ ತನ್ನ ಗಾನದ ವೈಭವಕ್ಕೇ ಸಲ್ಲುವುದೆಂದು ಅವನು ಸಾರಿದೊಡನೆ, ಹಾಗಾದರೆ ಮೆಲ್ಕೋರನ ತಪ್ಪೇನು ಎಂಬ ಸಂಶಯ ಓದುಗನಲ್ಲಿ ಮೂಡುವುದು ಸಹಜ. ಉತ್ತರವನ್ನು ಹಿಮದಲ್ಲಿ ನೋಡಬೇಕು. ಮೆಲ್ಕೋರನ ಕಡುಶೀತದಿಂದಲೇ ಜಲದೇವತೆಯಾದ ಉಲ್ಮೊವಿಗೆ ತಾನೆಂದೂ ಕಲ್ಪಿಸದಿದ್ದ ಹಿಮದ ಸೊಬಗು ದೊರೆಯಿತಾದರೂ, ಹಾಳುಗೆಡಹಬೇಕೆಂಬ ಬಯಕೆ ಮೆಲ್ಕೋರನದೇ ಆಗಿ ಉಳಿಯಿತು. ಫಲವನ್ನು ಒಳಿತಿನತ್ತ ತಿರುಗಿಸುವುದು ಬೇರೆ, ಸಂಕಲ್ಪವನ್ನು ಕಸಿದುಕೊಳ್ಳುವುದು ಬೇರೆ.

ಔಲೆಯ ಪ್ರಸಂಗವಾದರೋ, ನನ್ನ ಮಟ್ಟಿಗೆ, ಇಡೀ ಗ್ರಂಥದ ಹೃದಯ. ಇಲೂವತಾರನ ಮಕ್ಕಳೆನಿಸಿಕೊಳ್ಳಲಿದ್ದ ಜೀವಿಗಳು ಬರುವವರೆಗೆ ಕಾಯಲಾರದೆ, ತನ್ನ ವಿದ್ಯೆಯನ್ನು ಕಲಿಸಲು ಶಿಷ್ಯರಿಲ್ಲವೆಂದು ತಳಮಳಿಸಿ, ಔಲೆಯು ಗುಟ್ಟಾಗಿ ಏಳು ಮಂದಿ ಕುಬ್ಜಪಿತೃಗಳನ್ನು ನಿರ್ಮಿಸುತ್ತಾನೆ. ಅವನು ನೆನೆದರೆ ಅವರು ಚಲಿಸುವರು. ಅವನ ಚಿತ್ತ ಬೇರೆಡೆ ಹರಿದರೆ ನಿಶ್ಚೇಷ್ಟರು. ಕರ್ತನು ಇದನ್ನು ತೋರಿಸಿಕೊಟ್ಟಾಗ ಪಶ್ಚಾತ್ತಾಪದಿಂದ ಅಳುತ್ತ ಔಲೆಯು ಅವರನ್ನು ಒಡೆದುಹಾಕಲೆಂದು ಸುತ್ತಿಗೆಯೆತ್ತುತ್ತಾನೆ. ಆ ಕುಬ್ಜರು ಬೆದರಿ ಹಿಂಜರಿದು ದಯೆಯನ್ನು ಬೇಡುತ್ತಾರೆ, ಏಕೆಂದರೆ ಅಷ್ಟರಲ್ಲಿ ಇಲೂವತಾರನು ಅವರಿಗೆ ಸ್ವಂತ ಜೀವವನ್ನು ದಯಪಾಲಿಸಿಬಿಟ್ಟಿದ್ದಾನೆ. ಔಲೆಯು ಬಯಸದ ಆ ಹಿಂಜರಿಕೆಯೇ ಸ್ವಾತಂತ್ರ್ಯದ ಪ್ರಮಾಣ. ತನ್ನನ್ನು ಎದುರಿಸಬಲ್ಲ ಜೀವವನ್ನು ಕೊಡುವುದರಲ್ಲಿ ಸರ್ವಶಕ್ತಿಯು ಕುಂದುವುದಿಲ್ಲ, ಪ್ರಕಟವಾಗುತ್ತದೆ ಎಂಬ ಮಾತನ್ನು ಇದಕ್ಕಿಂತ ಮನಮುಟ್ಟುವಂತೆ ಹೇಳಿದ ಕಲ್ಪಿತಪುರಾಣವನ್ನು ನಾನು ಕಾಣೆ.

ಉಳಿದೆಲ್ಲಕ್ಕೂ ವಿಧಿಯಾದ ಆ ಗಾನವನ್ನು ಮೀರಿ ಬಾಳನ್ನು ರೂಪಿಸಿಕೊಳ್ಳುವ ವರ ಮನುಷ್ಯರಿಗುಂಟೆಂದೂ, ಮರಣವು ಅದರ ಸಂಗಾತಿಯೆಂದೂ ಕಥೆ ಮುಂದೆ ಹೇಳುತ್ತದೆ. ಇವಿಷ್ಟೂ ಮನಸ್ಸಿನಲ್ಲಿ ನೆಲೆಗೊಂಡ ಬಳಿಕವೇ ಅದೇ ಗ್ರಂಥದ ಮನುಷ್ಯವೀರನಾದ ತೂರಿನನ ದುರಂತಕ್ಕೆ ಬನ್ನಿರಿ. ಅಲ್ಲಿ ಅವನ ಕುಲಕ್ಕೆ ತಗುಲಿದ ಶಾಪವೆಷ್ಟು, ಅವನ ಸ್ವಂತ ಹಟವೆಷ್ಟು ಎಂಬುದನ್ನು ಪ್ರತಿಯೊಂದು ತಿರುವಿನಲ್ಲಿಯೂ ನಿಂತು ತೂಗುತ್ತ ಓದಿರಿ.