ಖಾಲಿ ಚರಾಕ್ಷರ ಮತ್ತು ಕಡತದ ವಿಳಾಸ

ನಾನು ನೋಡಿದ ಪ್ರೋಗ್ರಾಮಿಂಗ್ ಪ್ರಯೋಗ ಪುಸ್ತಕಗಳಲ್ಲಿ, ಪಠ್ಯದ ನಡುವೆ ಚರಾಕ್ಷರವನ್ನು ಸೇರಿಸುವ ವಿಧಾನಕ್ಕೆ ಸಿಗುವ ಜಾಗ ಹೆಚ್ಚೆಂದರೆ ಅರ್ಧ ಪುಟ. 'ಮೊತ್ತ = 25' ಎಂದು ಪರದೆಯ ಮೇಲೆ ಮೂಡಿದರೆ ಪಾಠ ಮುಗಿಯಿತು. ಇದು ಸಾಲದು ಎಂಬುದು ನನ್ನ ತಕರಾರು. ಪರದೆಯ ಮೇಲಿನ ತಪ್ಪು ಕಣ್ಣಿಗೆ ಬೀಳುತ್ತದೆ. ಕಡತದ ವಿಳಾಸದೊಳಗೆ ಸೇರಿಕೊಂಡ ತಪ್ಪಾದರೋ ಸದ್ದಿಲ್ಲದೆ ಕೆಲಸ ಮುಗಿಸಿಬಿಡುತ್ತದೆ.

2015ರ ಜನವರಿಯಲ್ಲಿ ಬೆಳಕಿಗೆ ಬಂದ ಪ್ರಸಂಗವೊಂದನ್ನು ನೋಡಿ. ವಾಲ್ವ್ ಸಂಸ್ಥೆಯ 'ಸ್ಟೀಮ್' ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಬ್ಯಾಶ್ ಭಾಷೆಯ ಒಂದು ಸ್ಕ್ರಿಪ್ಟ್ ಇತ್ತು. ತಂತ್ರಾಂಶವಿರುವ ಫೋಲ್ಡರಿನ ವಿಳಾಸವನ್ನು ಅದು ಒಂದು ಚರಾಕ್ಷರದಲ್ಲಿ ಇಟ್ಟುಕೊಳ್ಳುತ್ತಿತ್ತು. ಆ ಚರಾಕ್ಷರದ ಮುಂದೆ ಒಂದು ಓರೆಗೆರೆ, ಒಂದು ನಕ್ಷತ್ರ ಚಿಹ್ನೆ ಸೇರಿಸಿ 'ಇಲ್ಲಿರುವುದನ್ನೆಲ್ಲ ಅಳಿಸು' ಎಂದು ಆದೇಶಿಸುವ ಸಾಲೂ ಅದರಲ್ಲಿತ್ತು. ಫೋಲ್ಡರಿನೊಳಕ್ಕೆ ಹೋಗಲಾಗದಿದ್ದರೆ ಚರಾಕ್ಷರ ಖಾಲಿ ಉಳಿಯುತ್ತದೆ. ಆಗ ವಿಳಾಸದಲ್ಲಿ ಉಳಿಯುವುದು '/*' ಮಾತ್ರ. ಎಂದರೆ ಗಣಕದ ಮೂಲ ಫೋಲ್ಡರಿನಿಂದ ಮೊದಲುಗೊಂಡು ಸಮಸ್ತವೂ! ಫೋಲ್ಡರನ್ನು ಬೇರೆಡೆಗೆ ಸರಿಸಿದ್ದ ಬಳಕೆದಾರರೊಬ್ಬರು ತಮ್ಮ ಸ್ವಂತ ಕಡತಗಳನ್ನಷ್ಟೇ ಅಲ್ಲ, ಗಣಕಕ್ಕೆ ಜೋಡಿಸಿದ್ದ ಹೊರಗಿನ ಡಿಸ್ಕಿನಲ್ಲಿದ್ದುದನ್ನೂ ಕಳೆದುಕೊಂಡರು. ಸ್ಕ್ರಿಪ್ಟಿನಲ್ಲಿ ಆ ಸಾಲಿನ ಹತ್ತಿರವೇ 'ಸ್ಕೇರಿ!' ಎಂಬ ಟಿಪ್ಪಣಿ ಇತ್ತು. ಬರೆದವರಿಗೆ ಹೆದರಿಕೆಯೇನೋ ಆಗಿತ್ತು, ಆದರೆ ಪರೀಕ್ಷೆ ಮಾಡಿರಲಿಲ್ಲ.

ಗಮನಿಸಿ, ಆ ಸಾಲಿನಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಉದ್ಧರಣ ಚಿಹ್ನೆ, ಡಾಲರ್ ಚಿಹ್ನೆ ಎಲ್ಲವೂ ಸ್ವಸ್ಥಾನದಲ್ಲಿವೆ. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಾದರೆ ಪೂರ್ಣ ಅಂಕ ಕೊಡುತ್ತಿದ್ದೆವು. ಸೂತ್ರಕ್ಕೆ ಬೆಲೆ ತುಂಬುವಾಗ 'ಛೇದ ಸೊನ್ನೆಯಾದರೆ?' ಎಂದು ಕೇಳುವ ಭೌತವಿಜ್ಞಾನದ ಅಧ್ಯಾಪಕರು (ನನ್ನನ್ನೂ ಸೇರಿಸಿ) ಗಣಕದ ಮುಂದೆ ಕುಳಿತಾಗ ಆ ಪ್ರಶ್ನೆಯನ್ನು ಮರೆಯುವುದೇಕೆ?

ಪೈಥಾನ್ ಬಳಸುವವರು ತಮಗಿದು ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಡಿ. 2016ರಲ್ಲಿ ಬಂದ 3.6ನೇ ಆವೃತ್ತಿಯಿಂದ ಈಚೆಗೆ, ಉದ್ಧರಣ ಚಿಹ್ನೆಯ ಹಿಂದೆ 'ಎಫ್' ಅಕ್ಷರವಿಟ್ಟು ಚರಾಕ್ಷರವನ್ನು ಪುಷ್ಪಾವರಣದಲ್ಲಿ ಬರೆದರೆ ಅದರ ಬೆಲೆ ಅಲ್ಲಿ ಕೂರುತ್ತದೆ. ಬಹಳ ಅನುಕೂಲ, ನಿಜ. ಆ ಒಂದು ಅಕ್ಷರ ಮರೆತಿರೋ, ಬೆಲೆ ತುಂಬುವುದೇ ಇಲ್ಲ. ಹತ್ತು ಸಲ ಅಳತೆ ಮಾಡಿ ಹತ್ತು ಕಡತಗಳಲ್ಲಿ ಬರೆಯಬೇಕಾದ ಲೂಪ್, ಪುಷ್ಪಾವರಣವೇ ಹೆಸರಾಗಿರುವ ಒಂದೇ ಕಡತದ ಮೇಲೆ ಹತ್ತು ಸಲ ಬರೆಯುತ್ತದೆ. ಕೊನೆಯ ಅಳತೆ ಮಾತ್ರ ಉಳಿಯುತ್ತದೆ. ದೋಷದ ಸೂಚನೆ ಬರುವುದಿಲ್ಲ.

ಬ್ಯಾಶ್‌ನಲ್ಲಿ ಪರಿಹಾರ ಎರಡು ಚಿಹ್ನೆಗಳಷ್ಟು ಚಿಕ್ಕದು. ಪುಷ್ಪಾವರಣದೊಳಗೆ ಚರಾಕ್ಷರದ ಹೆಸರಿನ ಬಳಿಕ ':?' ಬರೆದರೆ, ಬೆಲೆ ಖಾಲಿ ಇದ್ದಾಗ ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲುತ್ತದೆ. ಆದರೆ ಇದು ಖಾಲಿತನವನ್ನು ಹಿಡಿಯುತ್ತದೆಯೇ ಹೊರತು ತಪ್ಪು ಫೋಲ್ಡರನ್ನಲ್ಲ. ಆದ್ದರಿಂದ ಅಳಿಸುವ ಮುನ್ನ, ಆ ಫೋಲ್ಡರಿನಲ್ಲಿ ಇರಲೇಬೇಕಾದ ಒಂದು ಕಡತ ನಿಜವಾಗಿಯೂ ಇದೆಯೇ ಎಂದು ಪ್ರೋಗ್ರಾಮಿನಿಂದಲೇ ಕೇಳಿಸಿ.