ಭಾವನಾತ್ಮಕ ಬುದ್ಧಿಮತ್ತೆಯ ಪ್ರಶ್ನಾವಳಿ ಅಳೆಯುವುದು ಏನನ್ನು?

ಕಬ್ಬಿನ ಲಾರಿಯೊಂದನ್ನು ವೇಬ್ರಿಡ್ಜ್ ಮೇಲೆ ಹತ್ತು ಸಲ ನಿಲ್ಲಿಸಿದರೆ ಹತ್ತು ಸಲವೂ ಒಂದೇ ತೂಕ ಬರುತ್ತದೆ. ಹಾಗೆಂದು ಆ ತೂಕ ನೋಡಿ ಕಬ್ಬಿನಲ್ಲಿ ಸಕ್ಕರೆ ಅಂಶ ಎಷ್ಟಿದೆಯೆಂದು ಹೇಳಲಾದೀತೆ? ಮಂಡ್ಯ, ಮದ್ದೂರು, ಮಳವಳ್ಳಿಯ ಯಾವ ರೈತನೂ ಒಪ್ಪುವುದಿಲ್ಲ. ಅದಕ್ಕೆ ರಸವನ್ನೇ ಪರೀಕ್ಷಿಸಬೇಕು. ಅಳತೆ ಮತ್ತೆ ಮತ್ತೆ ಒಂದೇ ಬರುವುದು ವಿಶ್ವಸನೀಯತೆ. ಅಳೆಯಬೇಕಾದುದನ್ನೇ ಅಳೆಯುವುದು ಸಿಂಧುತ್ವ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬಂದಂತಲ್ಲ.

ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸಿ ನಿಭಾಯಿಸುವ ಸಾಮರ್ಥ್ಯವನ್ನು ಸಲೋವಿ ಮತ್ತು ಮೇಯರ್ 1990ರಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ ಎಂದು ವಿವರಿಸಿದರು. 1995ರ ಡೇನಿಯಲ್ ಗೋಲ್‌ಮನ್ ಪುಸ್ತಕದಿಂದ ಅದು ಮನೆಮಾತಾಯಿತು. ಶಿಕ್ಷಣಶಾಸ್ತ್ರದ ಪ್ರಬಂಧಗಳಿಗೂ ಇದು ಅಚ್ಚುಮೆಚ್ಚಿನ ವಿಷಯ. ಆದರೆ ಅಲ್ಲಿ ಬಳಸುವ ಮಾಪನಗಳು ಎಷ್ಟು ಸಿಂಧು?

ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಯಾಗಿರುವ ಒಂದು ಮಾಪನವನ್ನೇ ನೋಡೋಣ. ಹೈಡೆ, ಪೇಠೆ ಮತ್ತು ಧರ್ ರಚಿಸಿದ ಈ ಮಾಪನದಲ್ಲಿ 34 ಹೇಳಿಕೆಗಳಿವೆ. ಅದರ ವಿಶ್ವಸನೀಯತೆ 0.88. ಇದರ ವರ್ಗಮೂಲ ಸುಮಾರು 0.94, ಇದನ್ನೇ ಹೆಚ್ಚಿನ ಸಿಂಧುತ್ವದ ಗುರುತಾಗಿ ಕೈಪಿಡಿ ತೋರಿಸುತ್ತದೆ. ಪ್ರಬಂಧಗಳು ಅದನ್ನು ಹಾಗೆಯೇ ನಕಲು ಮಾಡುತ್ತವೆ. ವಾಸ್ತವವಾಗಿ ಈ ವರ್ಗಮೂಲ ಸೂಚಿಸುವುದು ಸಿಂಧುತ್ವ ಮೀರಲಾರದ ಗರಿಷ್ಠ ಮಿತಿಯನ್ನು ಮಾತ್ರ. ನಿಜವಾದ ಸಿಂಧುತ್ವ ಸೊನ್ನೆಯೂ ಇರಬಹುದು. ಲಾರಿಯ ತೂಕದ ವರ್ಗಮೂಲ ತೆಗೆದು ಸಕ್ಕರೆ ಅಂಶ ಎಂದರೆ ಹೇಗೋ, ಇದೂ ಹಾಗೆ.

ವಿಶ್ವಸನೀಯತೆಯ ಅಂಕಿಯೂ ಮೋಸಗೊಳಿಸಬಲ್ಲದು. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ ಕೇವಲ 0.1 ಎಂದಿಟ್ಟುಕೊಳ್ಳಿ. 10 ಹೇಳಿಕೆಗಳಿದ್ದರೆ ಆಲ್ಫಾ ಗುಣಾಂಕ 0.53, 30 ಇದ್ದರೆ 0.77, 100 ಇದ್ದರೆ 0.92! ಹೇಳಿಕೆಗಳ ಗುಣ ಬದಲಾಗಿಲ್ಲ, ಸಂಖ್ಯೆ ಬೆಳೆದಿದೆ ಅಷ್ಟೆ.

ಇನ್ನೊಂದು ಮೂಲಭೂತ ತೊಡಕಿದೆ. ‘ನಾನು ಇತರರ ನೋವನ್ನು ಅರಿಯಬಲ್ಲೆ’ ಎಂದು ಬರೆಯುವುದು ಬೇರೆ, ಅರಿಯುವುದು ಬೇರೆ. ಬ್ರಾಕೆಟ್ ಮತ್ತು ಮೇಯರ್ 2003ರಲ್ಲಿ ಸ್ವವರದಿಯ ಮಾಪನವೊಂದನ್ನು ಸಾಮರ್ಥ್ಯ ಪರೀಕ್ಷೆಯೊಂದಿಗೆ ಹೋಲಿಸಿದಾಗ ಸಹಸಂಬಂಧ 0.21 ಮಾತ್ರ ಬಂದಿತು. ಅಂದರೆ ಎರಡಕ್ಕೂ ಸಾಮಾನ್ಯವಾದ ವ್ಯತ್ಯಯ ಶೇಕಡ 4ರಷ್ಟು. ಹೆಸರು ಒಂದೇ, ವಸ್ತು ಬೇರೆ.

ಕನ್ನಡಕ್ಕೆ ಅನುವಾದಿಸಿದಾಗ ಹೊಸ ತೊಂದರೆ ಸೇರುತ್ತದೆ. ‘ನನಗೆ ಬೇಗ ಸಿಟ್ಟು ಬರುವುದಿಲ್ಲ: ಹೌದು/ಇಲ್ಲ’ ಎಂಬುದಕ್ಕೆ ಶಾಂತ ಸ್ವಭಾವದ ಹುಡುಗಿ ‘ಇಲ್ಲ’ ಎಂದು ಗುರುತು ಹಾಕುತ್ತಾಳೆ. ಅವಳ ಅರ್ಥ ‘ಇಲ್ಲ, ಬರುವುದಿಲ್ಲ’ ಎಂದು. ಅಂಕ ಕೊಡುವ ಕೀಲಿಗೆ ಅದೇ ಉತ್ತರ ಸಿಡುಕುತನ! ಇಂಥ ಪ್ರಶ್ನಾವಳಿಯಿಂದ ಮಂಡ್ಯ ಪಟ್ಟಣದ ಮತ್ತು ಮಳವಳ್ಳಿ ತಾಲ್ಲೂಕಿನ ಹಳ್ಳಿಯ ಮಕ್ಕಳನ್ನು ಹೋಲಿಸಿ ‘ಗಮನಾರ್ಹ ವ್ಯತ್ಯಾಸವಿದೆ’ ಎಂದರೆ, ಆ ವ್ಯತ್ಯಾಸ ಭಾವನೆಯದೋ ಭಾಷೆಯದೋ? ಹಾಳೆಯ ಮೇಲೆ ಹೆಸರು ಬರೆಸಿ ಮೇಷ್ಟ್ರೇ ಸಂಗ್ರಹಿಸಿದರೆ ಮಕ್ಕಳು ಮೇಷ್ಟ್ರಿಗೆ ಹಿಡಿಸುವ ಉತ್ತರವನ್ನೇ ಕೊಡುತ್ತಾರೆ ಎಂಬುದನ್ನೂ ಮರೆಯಬೇಡಿ.

ಹಾಗಾದರೆ ಏನು ಮಾಡಬೇಕು? ದಾರಿ ಹೊಸದೇನಲ್ಲ. ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ ವಿ. ವಿ. ಕಾಮತ್ 1940ರಲ್ಲೇ ಪ್ರಕಟಿಸಿದ್ದರು. ಬರಿಯ ಅನುವಾದ ಸಾಲದು, ಇಲ್ಲಿನ ಮಕ್ಕಳ ಮೇಲೆಯೇ ಪರೀಕ್ಷಿಸಬೇಕು ಎಂಬುದು ಆ ಕೆಲಸದ ಪಾಠ.

ನೀವು ಇಂಥ ಅಧ್ಯಯನ ಕೈಗೊಳ್ಳುವುದಾದರೆ ಮೊದಲು ಹತ್ತು ಮಕ್ಕಳಿಂದ ಪ್ರತಿ ಹೇಳಿಕೆಯನ್ನೂ ಓದಿಸಿ, ಅರ್ಥವನ್ನು ಅವರ ಮಾತಿನಲ್ಲೇ ಕೇಳಿ. ಕನ್ನಡ ಪಾಠವನ್ನು ಬೇರೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ. ನಕಾರದ ಹೇಳಿಕೆಗಳನ್ನು ತಿದ್ದಿ. ಒಂದು ತಿಂಗಳ ನಂತರ ಮತ್ತೆ ಪರೀಕ್ಷಿಸಿ. ಅಂಕಗಳನ್ನು ನೋಡಿರದ ಶಿಕ್ಷಕರು ಮತ್ತು ಸಹಪಾಠಿಗಳ ಅಭಿಪ್ರಾಯದೊಂದಿಗೆ ತಾಳೆ ಹಾಕಿ. ತಾಳೆಯಾಗದಿದ್ದರೆ ಅದನ್ನೂ ಪ್ರಕಟಿಸಿ. ಅದು ಸೋಲಲ್ಲ, ವಿಜ್ಞಾನ.

ತಪ್ಪು ತೂಕದಿಂದ ರೈತನಿಗೆ ಒಂದು ಹಂಗಾಮಿನ ನಷ್ಟ. ‘ಭಾವನಾತ್ಮಕ ಬುದ್ಧಿ ಕಡಿಮೆ’ ಎಂಬ ಹಣೆಪಟ್ಟಿಯನ್ನು ಮಗು ಎಷ್ಟು ವರ್ಷ ಹೊರಬೇಕೋ, ಯೋಚಿಸಿ.